ಇನ್ನೆಷ್ಟು ದಿನ, ಡಾಕ್ಟ್ರೇ?

ಕ್ಯಾನ್ಸರ್ ವೈದ್ಯರಿಗೆ ಈ ಪ್ರಶ್ನೆ ಹೆಚ್ಚಾಗಿ ಎದುರಾಗುವುದು ಕೋಣೆಯ ಬಾಗಿಲ ಹತ್ತಿರ. ರೋಗಿ ಎದ್ದು ಹೊರಗೆ ಹೋಗಿರುತ್ತಾರೆ. ಫೈಲು ಹಿಡಿದ ಹೆಂಡತಿಯೋ ಗಂಡನೋ ಒಂದು ಹೆಜ್ಜೆ ಹಿಂದೆ ಉಳಿದು, ದನಿ ತಗ್ಗಿಸಿ ಕೇಳುತ್ತಾರೆ. ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ಬಂದು, ಮೂಳೆಗೋ ಮೆದುಳಿಗೋ ಲಿವರಿಗೋ ಹರಡಿದ ಮೇಲೆ ಪತ್ತೆಯಾದ ಮನೆಗಳಲ್ಲಿ ಇದನ್ನು ಕೇಳದೆ ಉಳಿದವರು ಕಡಿಮೆ. ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಮೊದಲು, ‘ಈಗಲೇ ಹೇಳೋಕೆ ಬರಲ್ಲಮ್ಮ.’ ಬಿಡದೆ ಕೇಳಿದರೆ, ‘ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ.’ ಮನೆ ಮುಟ್ಟುವ ಹೊತ್ತಿಗೆ ಆ ‘ಸಾಮಾನ್ಯವಾಗಿ’ ದಾರಿಯಲ್ಲೇ ಉದುರಿಹೋಗಿ ‘ಆರು ತಿಂಗಳು’ ಮಾತ್ರ ಉಳಿದಿರುತ್ತದೆ. ಸಂಜೆಯೊಳಗೆ ಅದು ಬಂಧುಬಳಗದ ಫೋನುಗಳನ್ನೆಲ್ಲ ಸುತ್ತಿ ಬರುತ್ತದೆ. ಮಗಳ ಮದುವೆ ಬೇಗ ಮುಗಿಸುವ ಮಾತು, ಊರಿನ ಜಮೀನಿನ ಮಾತು, ‘ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದ್ವಿ’ ಎನ್ನುವವರ ಸಾಲು, ಎಲ್ಲ ಅದರ ಬೆನ್ನಿಗೇ.

ಇಷ್ಟೆಲ್ಲ ಮಾಡಿಸುವ ಆ ಅಂಕಿ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಅದು ಹೈಸ್ಕೂಲಿನ ಗಣಿತದಲ್ಲಿ ಬರುವ ಮಧ್ಯಾಂಕ. ಶಾಲೆಯ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದರೆ ಸಾಲಿನ ನಟ್ಟನಡುವೆ ಒಂದು ಮಗು ನಿಂತಿರುತ್ತದಲ್ಲ, ಮಧ್ಯಾಂಕ ಹೇಳುವುದು ಆ ಒಂದು ಮಗುವಿನ ಎತ್ತರವನ್ನು. ನಿಮ್ಮ ಮಗು ಸಾಲಿನಲ್ಲಿ ಎಲ್ಲಿದೆ ಎಂಬುದರ ಬಗ್ಗೆ ಅದು ಬಾಯಿ ಬಿಡುವುದಿಲ್ಲ. ಹಿಂದೆ ಇದೇ ಕಾಯಿಲೆ ಬಂದ ನೂರಾರು ಜನರಲ್ಲಿ ಅರ್ಧದಷ್ಟು ಮಂದಿ ಇಷ್ಟರೊಳಗೆ ತೀರಿಕೊಂಡರು, ಇನ್ನರ್ಧ ಮಂದಿ ಇದಕ್ಕಿಂತ ಹೆಚ್ಚು ಬದುಕಿದರು ಎಂಬುದಷ್ಟೇ ಅದರ ಅರ್ಥ.

ಹಾರ್ವರ್ಡ್‌ನ ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರ ಜುಲೈನಲ್ಲಿ ಹೊಟ್ಟೆಯ ಒಳಪೊರೆಯ ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಆಗ ಅವರಿಗೆ ನಲವತ್ತರ ಪ್ರಾಯ. ಗ್ರಂಥಾಲಯಕ್ಕೆ ಹೋಗಿ ಹುಡುಕಿದರೆ ಸಿಕ್ಕ ಮಧ್ಯಾಂಕ ಎಂಟು ತಿಂಗಳು. ಅಂಕಿಅಂಶದ ಒಡನಾಟವಿದ್ದ ಮನುಷ್ಯನಾದ್ದರಿಂದ ಮೊದಲ ಆಘಾತ ಇಳಿದ ಮೇಲೆ ಅವರು ನಕ್ಷೆಯಲ್ಲಿ ಆ ಅಂಕಿಯ ಬಲಗಡೆ ನೋಡಿದರು. ಎಡಗಡೆ ಸೊನ್ನೆಗಿಂತ ಹಿಂದೆ ಹೋಗಲು ಯಾರಿಗೂ ಸಾಧ್ಯವಿಲ್ಲ, ಬಲಗಡೆಗೆ ಮಾತ್ರ ಬಾಲ ವರ್ಷಗಟ್ಟಲೆ ಚಾಚಿಕೊಂಡಿರುತ್ತದೆ. ತಾನು ಆ ಬಾಲದಲ್ಲಿರಬಹುದು ಎನ್ನಲು ಅವರಿಗೆ ವಯಸ್ಸು, ಹೊಸ ಚಿಕಿತ್ಸೆಯಂಥ ಕಾರಣಗಳೂ ಇದ್ದವು. 1985ರಲ್ಲಿ ಇದನ್ನೇ ಒಂದು ಪ್ರಬಂಧ ಮಾಡಿ ಬರೆದರು. ಆ ಬಳಿಕವೂ ಹದಿನೇಳು ವರ್ಷ ಬದುಕಿ, ಬರೆದು, 2002ರಲ್ಲಿ ತೀರಿಕೊಂಡರು. ಕೊನೆಗೆ ಅವರನ್ನು ಒಯ್ದದ್ದು ಬೇರೆಯದೇ ಕ್ಯಾನ್ಸರ್, ಅದೂ ಶ್ವಾಸಕೋಶದ್ದು.

ಗೌಲ್ಡ್ ಕಥೆಯನ್ನು ಪವಾಡದ ಹಾಗೆ ಹೇಳುವುದು ತಪ್ಪಾದೀತು. ಎಲ್ಲರೂ ಬಾಲದಲ್ಲಿರುವುದಿಲ್ಲ. ಆದರೆ ಒಂದೇ ಅಂಕಿಗಿಂತ ಮೂರು ಅಂದಾಜು ಪ್ರಾಮಾಣಿಕ. ಆಸ್ಟ್ರೇಲಿಯಾದ ಕ್ಯಾನ್ಸರ್ ತಜ್ಞರಾದ ಮಾರ್ಟಿನ್ ಸ್ಟಾಕ್ಲರ್ ಮತ್ತು ಬೆಲಿಂಡಾ ಕೀಲಿ ಇದಕ್ಕೆ ಸರಳ ಲೆಕ್ಕ ಕೊಟ್ಟಿದ್ದಾರೆ. ಮಧ್ಯಾಂಕ ಹನ್ನೆರಡು ತಿಂಗಳು ಎನ್ನಿ. ಸುಮಾರು ಅರ್ಧದಷ್ಟು ರೋಗಿಗಳು ಅದರ ಅರ್ಧದಿಂದ ಎರಡು ಪಟ್ಟಿನ ನಡುವೆ, ಅಂದರೆ ಆರು ತಿಂಗಳಿಂದ ಎರಡು ವರ್ಷದ ನಡುವೆ ಬದುಕುತ್ತಾರೆ. ಹತ್ತರಲ್ಲಿ ಒಬ್ಬರು ಎರಡು-ಮೂರು ತಿಂಗಳೊಳಗೇ ಹೋಗುತ್ತಾರೆ. ಹತ್ತರಲ್ಲಿ ಇನ್ನೊಬ್ಬರು ಮೂರು ವರ್ಷ ದಾಟುತ್ತಾರೆ. ಬಾಗಿಲ ಬಳಿ ನಿಂತು ಕೇಳುವ ಬದಲು ಕುರ್ಚಿ ಎಳೆದು ಕುಳಿತು, ‘ತೀರಾ ಕೆಟ್ಟದ್ದಾದರೆ ಎಷ್ಟು, ಒಳ್ಳೆಯದಾದರೆ ಎಷ್ಟು, ಹೆಚ್ಚಿನವರಿಗೆ ಎಷ್ಟು’ ಎಂದು ಕೇಳಿದರೆ ವೈದ್ಯರಿಗೂ ಹೇಳಲು ಸುಲಭ, ಮನೆಯವರಿಗೂ ಅದರಂತೆ ಅಣಿಯಾಗಲು ದಾರಿ ಸಿಗುತ್ತದೆ. ಕೆಟ್ಟದ್ದಕ್ಕೆ ಕಾಗದಪತ್ರ ಸಿದ್ಧ ಮಾಡಿಟ್ಟುಕೊಂಡೇ ಒಳ್ಳೆಯದಕ್ಕೆ ಮುಂದಿನ ವರ್ಷದ ಪ್ರವಾಸದ ಟಿಕೆಟ್ ಮಾಡಿಸಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ಅಪಶಕುನವೇನಲ್ಲ.

ವೈದ್ಯರು ತಪ್ಪಿಸಿಕೊಳ್ಳುತ್ತಿದ್ದಾರೆ, ಏನೋ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಮನೆಯವರಲ್ಲಿ ಸಾಮಾನ್ಯ. ನಿಜಕ್ಕೂ ಅವರಿಗೆ ಗೊತ್ತಿರುವುದಿಲ್ಲ. ಶಿಕಾಗೊದಲ್ಲಿ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲ್ಯಾಮಾಂಟ್ 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಸರಾಗಿದೆ. ಸಾವಿನ ಅಂಚಿನಲ್ಲಿದ್ದ 468 ರೋಗಿಗಳ ಬಗ್ಗೆ 343 ವೈದ್ಯರು ಕೊಟ್ಟ ಅಂದಾಜುಗಳಲ್ಲಿ ಸರಿಸುಮಾರು ಸರಿಯಾದದ್ದು ನೂರಕ್ಕೆ ಇಪ್ಪತ್ತು ಮಾತ್ರ. ನೂರಕ್ಕೆ ಅರವತ್ತಮೂರು ಅಂದಾಜುಗಳು ಇದ್ದದ್ದಕ್ಕಿಂತ ಹೆಚ್ಚು ದಿನ ಹೇಳಿದ್ದವು. ರೋಗಿಯ ಪರಿಚಯ ಹಳೆಯದಾದಷ್ಟೂ ಅಂದಾಜು ಇನ್ನಷ್ಟು ತಪ್ಪುತ್ತಿತ್ತು. ಅಕ್ಕರೆ ಇದ್ದಲ್ಲಿ ಲೆಕ್ಕ ತಪ್ಪುವುದು ಸಹಜವೇ.

ಇದು ಹಳೆಯ ಕಥೆ. ಈಗ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅನಿಶ್ಚಿತತೆ ಇನ್ನೂ ಹಿಗ್ಗಿದೆ, ಒಳ್ಳೆಯ ಕಾರಣಕ್ಕೇ. ‘ನಾಲ್ಕನೇ ಸ್ಟೇಜ್’ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಕಾಯಿಲೆಯಲ್ಲ. ಬಯಾಪ್ಸಿಯ ತುಣುಕನ್ನು ವಂಶವಾಹಿ ಪರೀಕ್ಷೆಗೆ ಕಳುಹಿಸಿದಾಗ ಗಡ್ಡೆಯನ್ನು ಬೆಳೆಸುತ್ತಿರುವ ದೋಷ ಯಾವುದೆಂದು ತಿಳಿಯುತ್ತದೆ. ಇಜಿಎಫ್‌ಆರ್ ಎಂಬ ದೋಷ ಪತ್ತೆಯಾದದ್ದು 2004ರಲ್ಲಿ. ಭಾರತದಲ್ಲಿ ಅಡಿನೊಕಾರ್ಸಿನೋಮ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಬಂದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ, ಇಲ್ಲವೇ ತುಸು ಹೆಚ್ಚು ಮಂದಿಗೆ ಇದು ಇರುತ್ತದೆ. ಬೀಡಿ-ಸಿಗರೇಟು ಮುಟ್ಟದವರಲ್ಲೂ ಹೆಂಗಸರಲ್ಲೂ ಹೆಚ್ಚು. ಇವರಿಗೆ ಕೀಮೋ ಬದಲು ದಿನಕ್ಕೊಂದು ಮಾತ್ರೆ. ಓಸಿಮರ್ಟಿನಿಬ್ ಎಂಬ ಹೊಸ ಮಾತ್ರೆ ತೆಗೆದುಕೊಂಡವರಲ್ಲಿ ಮಧ್ಯಾಂಕ ಮೂರು ವರ್ಷ ದಾಟಿದೆ. ಎಎಲ್‌ಕೆ ಎಂಬ ಇನ್ನೊಂದು ದೋಷವಿರುವವರು ಕಡಿಮೆ. ಆದರೆ ಲಾರ್ಲಾಟಿನಿಬ್ ತೆಗೆದುಕೊಂಡ ಅಂಥ ರೋಗಿಗಳಲ್ಲಿ ನೂರಕ್ಕೆ ಅರವತ್ತು ಮಂದಿಗೆ ಐದು ವರ್ಷವಾದರೂ ಕಾಯಿಲೆ ಮುಂದುವರಿದಿರಲಿಲ್ಲ. ಈ ಯಾವ ದೋಷವೂ ಇಲ್ಲದೆ ಪಿಡಿ-ಎಲ್1 ಎಂಬ ಗುರುತು ಹೆಚ್ಚಿದ್ದವರಿಗೆ ಇಮ್ಯುನೊಥೆರಪಿ ಕೊಟ್ಟಾಗ ಮೂವರಲ್ಲಿ ಒಬ್ಬರು ಐದು ವರ್ಷ ಕಂಡಿದ್ದಾರೆ. ಹೀಗಿರುವಾಗ ಆ ರಿಪೋರ್ಟ್ ಕೈಗೆ ಬರುವ ಮೊದಲೇ ‘ಆರು ತಿಂಗಳು’ ಎಂದು ನುಡಿಯುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ. ಅದು ಬರಲು ಎರಡು-ಮೂರು ವಾರ ಹಿಡಿಯಬಹುದು. ಆ ವಾರಗಳಷ್ಟು ಉದ್ದದ ವಾರಗಳು ಬೇರೆ ಇರಲಿಕ್ಕಿಲ್ಲ.

ದುಡ್ಡಿನ ಮಾತು ಬಿಟ್ಟು ಇದನ್ನು ಬರೆಯಲಾಗದು. ಮೊದಲ ತಲೆಮಾರಿನ ಗೆಫಿಟಿನಿಬ್ ಈಗ ದೇಶೀ ಕಂಪನಿಗಳಿಂದ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಓಸಿಮರ್ಟಿನಿಬ್ ಇನ್ನೂ ದುಬಾರಿ. 2024ರ ಜುಲೈ ಬಜೆಟ್ಟಿನಲ್ಲಿ ಅದರ ಆಮದು ಸುಂಕ ತೆಗೆದರು, ಸೆಪ್ಟೆಂಬರಿನಲ್ಲಿ ಜಿಎಸ್‌ಟಿಯನ್ನು ಶೇ 12ರಿಂದ 5ಕ್ಕೆ ಇಳಿಸಿದರು. ಇಮ್ಯುನೊಥೆರಪಿ ಬಹುಪಾಲು ಮನೆಗಳ ಅಳವಿಗೆ ಮೀರಿದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದ್ದರೂ ಎಲ್ಲ ಹೊಸ ಔಷಧಿಗಳೂ ಆ ಪಟ್ಟಿಯೊಳಗೆ ಬರುವುದಿಲ್ಲ. ಮನೆ ಮಾರಿ ಕೊಡಿಸಬೇಕೆ ಎಂಬ ಪ್ರಶ್ನೆ ಕೊನೆಗೆ ಬಂದು ಬೀಳುವುದು ಗಂಡ ಅಥವಾ ಹೆಂಡತಿಯ ತಲೆಯ ಮೇಲೆ. ನನ್ನ ಅಭಿಪ್ರಾಯ ಇಷ್ಟು: ಈ ಔಷಧಿ ಎಷ್ಟು ಕಾಲ ಕೊಡಬಹುದು, ಕೊಡದಿದ್ದರೆ ಇರುವ ಬೇರೆ ದಾರಿ ಏನು ಎಂದು ವೈದ್ಯರಿಂದ ಬಿಡಿಸಿ ಕೇಳಿ, ರೋಗಿಯನ್ನೂ ಕೂರಿಸಿಕೊಂಡು ಮಾಡಿದ ತೀರ್ಮಾನಕ್ಕೆ ಆಮೇಲೆ ಯಾರೂ ತಪ್ಪಿತಸ್ಥರಲ್ಲ. ಪ್ರೀತಿಯ ಅಳತೆಯನ್ನು ಸಾಲದ ಮೊತ್ತದಲ್ಲಿ ನೋಡುವ ನೆಂಟರ ಬಾಯಿ ಮುಚ್ಚಿಸುವುದು ಕಷ್ಟ. ಆ ಮಾತು ಕಿವಿಗೆ ಹಾಕಿಕೊಳ್ಳದಿರುವುದು ಅದಕ್ಕಿಂತ ಸುಲಭ.

ಎಲ್ಲ ಗೊತ್ತಿದ್ದವರಿಗೇ ಈ ಕಾಯಿಲೆ ಬಂದರೆ? ತಮಿಳು ಮೂಲದ ಕುಟುಂಬದಲ್ಲಿ ಹುಟ್ಟಿದ ಪಾಲ್ ಕಲಾನಿಧಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನರಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸುವ ಹಂತದಲ್ಲಿದ್ದಾಗ, 2013ರ ಮೇ ತಿಂಗಳಲ್ಲಿ, ಶ್ವಾಸಕೋಶದ ನಾಲ್ಕನೇ ಹಂತದ ಕ್ಯಾನ್ಸರ್ ಪತ್ತೆಯಾಯಿತು. ವಯಸ್ಸು 36, ಸಿಗರೇಟು ಸೇದಿದವರಲ್ಲ. ಹೆಂಡತಿ ಲೂಸಿ ಕೂಡ ವೈದ್ಯೆ. ಸ್ಕ್ಯಾನನ್ನು ಇಬ್ಬರೂ ತಾವೇ ಓದಬಲ್ಲವರು. ಆದರೂ ಪಾಲ್ ತಮ್ಮ ಕ್ಯಾನ್ಸರ್ ತಜ್ಞೆಯನ್ನು ಬದುಕುಳಿಯುವಿಕೆಯ ಅಂಕಿಗಳ ಬಗ್ಗೆ ಕೇಳಿದಾಗ ಆಕೆ ಆ ಮಾತಿಗೇ ಬರಲಿಲ್ಲ. ನಿಮಗೆ ಯಾವುದು ಮುಖ್ಯ, ಏನು ಮಾಡಬೇಕೆಂದಿದ್ದೀರಿ ಎಂಬ ಕಡೆಗೆ ಮಾತು ತಿರುಗಿಸಿದರು. ಸಿಟ್ಟು ತರಿಸಿದ ಆ ನಿರಾಕರಣೆಯ ಅರ್ಥ ಪಾಲ್‌ಗೆ ಹೊಳೆಯಲು ದಿನ ಹಿಡಿಯಿತು. ಹತ್ತು ವರ್ಷ ಇದ್ದರೆ ಶಸ್ತ್ರಚಿಕಿತ್ಸೆಗೆ ಮರಳಬೇಕು, ಒಂದು ವರ್ಷವಾದರೆ ಪುಸ್ತಕ ಬರೆಯಬೇಕು, ಮೂರು ತಿಂಗಳಾದರೆ ಮನೆಯಲ್ಲಿರಬೇಕು. ಎಷ್ಟು ಎಂದು ಗೊತ್ತಿಲ್ಲದಾಗ ಮಾಡುವುದೇನು ಎಂಬ ಪ್ರಶ್ನೆಯನ್ನೇ 2014ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನವಾಗಿ ಬರೆದರು.

ಲೂಸಿಯ ಕಡೆಯಿಂದ ನೋಡಿದರೆ ಈ ಕಥೆ ಇನ್ನೂ ಹತ್ತಿರದ್ದು. ಕಾಯಿಲೆ ತಿಳಿಯುವ ಮೊದಲು ಅವರ ದಾಂಪತ್ಯ ಬಿರುಕು ಬಿಟ್ಟಿತ್ತು. ತರಬೇತಿಯ ದುಡಿಮೆ, ಮನೆಗೆ ಬಾರದ ಗಂಡ, ತನ್ನ ಬೆನ್ನುನೋವಿನ ಬಗ್ಗೆ ಇರುವ ಅನುಮಾನವನ್ನೂ ಹೇಳಿಕೊಳ್ಳದ ಗಂಡ. ಪಾಲ್ ಕಾಯಿಲೆಯ ನಡುವೆ ಬರೆಯುತ್ತಿದ್ದ ಪುಸ್ತಕದಲ್ಲಿ ಇದನ್ನು ಮರೆಮಾಚಿಲ್ಲ. ಕಾಯಿಲೆ ಆದರ್ಶ ದಂಪತಿಗಳನ್ನೇ ಆರಿಸಿಕೊಂಡು ಬರುವುದಿಲ್ಲ. ನಿನ್ನೆಯವರೆಗೆ ಮುನಿಸಿಕೊಂಡಿದ್ದವರ ಮನೆಗೂ ಬರುತ್ತದೆ, ಮುನಿಸು ಮರೆತು ಸೇವೆ ಮಾಡು ಎಂದು ಲೋಕ ಒತ್ತಾಯಿಸುತ್ತದೆ. ಅವರಿಬ್ಬರು ಆಪ್ತಸಮಾಲೋಚಕರ ಬಳಿ ಹೋದರು. ಮಗು ಬೇಕೆ ಎಂದು ಚರ್ಚಿಸಿದರು. ಮಗುವನ್ನು ಬಿಟ್ಟುಹೋಗುವ ನೋವು ಸಾವನ್ನು ಇನ್ನಷ್ಟು ಕಠಿಣ ಮಾಡೀತಲ್ಲವೇ ಎಂಬ ಲೂಸಿಯ ಅಳುಕಿಗೆ, ಹಾಗೆ ಮಾಡಿದರೆ ಒಳ್ಳೆಯದೇ ಅಲ್ಲವೇ ಎಂಬುದು ಪಾಲ್ ಭಾವ. 2014ರ ಜುಲೈ 4ರಂದು ಮಗಳು ಹುಟ್ಟಿದಳು. ಇಜಿಎಫ್‌ಆರ್ ದೋಷ ಇದ್ದುದರಿಂದ ಎರ್ಲೋಟಿನಿಬ್ ಮಾತ್ರೆ ಹಿಡಿದು, ಪಾಲ್ ಮತ್ತೆ ಶಸ್ತ್ರಚಿಕಿತ್ಸೆಯ ಕೋಣೆಗೂ ಹೋಗಿ ಬಂದಿದ್ದರು. ಆಮೇಲೆ ಕಾಯಿಲೆ ಮರಳಿತು. 2015ರ ಮಾರ್ಚ್ 9ರಂದು, ಉಸಿರಿನ ಕೊಳವೆ ಹಾಕಿಸಿಕೊಳ್ಳಲು ಒಪ್ಪದೆ, ಮನೆಯವರ ನಡುವೆ ತೀರಿಕೊಂಡರು. ಅರೆಬರೆ ಉಳಿದ ಪುಸ್ತಕಕ್ಕೆ ಕೊನೆಯ ಅಧ್ಯಾಯ ಬರೆದು 2016ರಲ್ಲಿ ಹೊರತಂದದ್ದು ಲೂಸಿ.

ಕೊನೆಯ ಗಳಿಗೆಯಲ್ಲಿ ಕೊಳವೆ ಬೇಡ ಎಂದು ಹೇಳಲು ಪಾಲ್‌ಗೆ ಸಾಧ್ಯವಾದದ್ದು ಅವರಿಗೆ ಎಲ್ಲ ಗೊತ್ತಿದ್ದುದರಿಂದ. ನಮ್ಮ ಮನೆಗಳಲ್ಲಿ ಆಗುವುದು ಬೇರೆ. ‘ಇವ್ರಿಗೆ ಹೇಳ್ಬೇಡಿ ಡಾಕ್ಟ್ರೇ, ಎದೆ ಒಡ್ಕೊಂಡ್‌ಬಿಡ್ತಾರೆ.’ ಹೆಂಡತಿ ಹೀಗೆ ಹೇಳುತ್ತಾಳೆ, ಮಕ್ಕಳು ಫೈಲನ್ನು ಬೀರುವಿನಲ್ಲಿಡುತ್ತಾರೆ. ‘ನೀರು ತುಂಬ್ಕೊಂಡಿದೆ ಅಷ್ಟೆ, ತೆಗೆದ್ರೆ ಸರಿಹೋಗತ್ತೆ’ ಎಂಬ ಕತೆ ಕಟ್ಟುತ್ತಾರೆ. ಗಂಡ ನಂಬಿದಂತೆ ನಟಿಸುತ್ತಾನೆ. ಆದರೆ ತಾನು ಕೂತ ಸರದಿಯಲ್ಲಿ ಪಕ್ಕದವರು ಯಾವ ಕಾಯಿಲೆಗೆ ಬಂದವರೆಂದು ಅವನಿಗೆ ಕಾಣುವುದಿಲ್ಲವೇ? ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಬೋರ್ಡನ್ನು ಓದಲು ಬಾರದೆ? ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲೆಂದು ಸುಳ್ಳಾಡುತ್ತಾರೆ, ರಾತ್ರಿ ಒಂದೇ ಮಂಚದ ಎರಡು ಅಂಚಿನಲ್ಲಿ ಎಚ್ಚರವಾಗಿರುತ್ತಾರೆ. ಮಮತೆಯಿಂದ ಮಾಡುವ ಈ ಗುಟ್ಟಿನಷ್ಟು ದಂಪತಿಗಳನ್ನು ಒಂಟಿ ಮಾಡುವುದು ಬೇರೊಂದಿಲ್ಲ ಎಂಬುದು ನನ್ನ ಬಲವಾದ ನಂಬಿಕೆ. ನಷ್ಟ ಭಾವನೆಯದ್ದಷ್ಟೇ ಅಲ್ಲ. ಬ್ಯಾಂಕಿನ ನಾಮಿನಿ, ಎಲ್‌ಐಸಿ ಬಾಂಡು, ಯಾರಿಗೆ ಕೊಟ್ಟ ಸಾಲ, ಫೋನಿನ ಪಾಸ್‌ವರ್ಡು, ಅಕ್ಕನೊಂದಿಗೆ ಮುರಿದ ಮಾತು, ಇದೆಲ್ಲವನ್ನೂ ಸರಿಮಾಡುವ ಹಕ್ಕು ಅವನದ್ದು. ಗೊತ್ತೇ ಇಲ್ಲದವನು ಅದನ್ನು ಚಲಾಯಿಸುವುದು ಹೇಗೆ?

ಹಾಗೆಂದು ರಿಪೋರ್ಟ್ ತಂದು ಮುಖಕ್ಕೆ ಹಿಡಿಯಬೇಕೆಂದಲ್ಲ. ನೆಮ್ಮದಿಯ ಹೊತ್ತು ನೋಡಿ, ‘ಡಾಕ್ಟರ್ ಹೇಳೋದ್ರಲ್ಲಿ ಎಷ್ಟು ನಿಮಗೆ ಗೊತ್ತಾಗ್ಬೇಕು? ಎಲ್ಲ ಕೇಳ್ತೀರಾ, ಇಲ್ಲ ನಾನೇ ಮಾತಾಡ್ಲಾ?’ ಎಂದು ಕೇಳಬಹುದು. ‘ನೀನೇ ನೋಡ್ಕೋ ಮಾರಾಯ್ತಿ, ನನಗೆ ಬೇಡ’ ಎಂದರೆ ಅದೂ ಅವರ ತೀರ್ಮಾನವೇ. ಅವರ ಬಾಯಿಂದ ಬಂದ ‘ಬೇಡ’ಕ್ಕೂ ನಾವೇ ಊಹಿಸಿಕೊಂಡ ‘ಬೇಡ’ಕ್ಕೂ ಅಂತರವಿದೆ.

ಇನ್ನೊಂದು ಮುಳ್ಳು, ‘ಮೊದಲೇ ಕರ್ಕೊಂಡು ಬಂದಿದ್ರೆ?’ ಎಂಬುದು. ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಸುವ ನರಗಳಿಲ್ಲ, ಗಡ್ಡೆ ಅಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಕೆಮ್ಮು, ತೂಕ ಇಳಿತ, ಎಕ್ಸ್‌ರೇಯಲ್ಲಿ ಕಲೆ, ಇವು ಕಂಡಾಗ ನಮ್ಮ ದೇಶದಲ್ಲಿ ಮೊದಲು ಟಿಬಿ ಎಂದುಕೊಳ್ಳುವುದು, ಅದರ ಮಾತ್ರೆಯಲ್ಲೇ ತಿಂಗಳುಗಳು ಕಳೆದುಹೋಗುವುದು ಎಷ್ಟೋ ಕುಟುಂಬಗಳ ಅನುಭವ. ಟಿಬಿ ಅಷ್ಟು ಸಾಮಾನ್ಯವಾದ್ದರಿಂದ ಎಡವಟ್ಟು ಆಗುತ್ತದೆ. ಹೆಂಡತಿಯ ಅಲಕ್ಷ್ಯದಿಂದ ಅಲ್ಲ. ‘ಸಿಗರೇಟ್ ಸೇದ್ತಿದ್ರಾ?’ ಎಂಬ ನೆಂಟರ ಮೊದಲ ಪ್ರಶ್ನೆಗೆ ಉತ್ತರ ಕೊಡುವ ಹಂಗೂ ಇಲ್ಲ. ಸೇದಿದ್ದರೂ ಈಗ ಆ ವಿಚಾರಣೆಯಿಂದ ಯಾರ ಉಸಿರೂ ಹಗುರಾಗದು.

ನಾಟಿ ಔಷಧಿ, ಕಷಾಯ, ಮಲೆನಾಡಿನ ವೈದ್ಯರ ಮನೆಯೆದುರಿನ ಸರದಿ, ಇವುಗಳ ಸಲಹೆ ಹೇಗೂ ಬರುತ್ತದೆ. ಹೋಗಿ ಬಂದರೆ ಕ್ಯಾನ್ಸರ್ ವೈದ್ಯರಿಗೆ ಹೇಳಿಬಿಡಿ, ಬೈಸಿಕೊಂಡರೂ ಸರಿ. ಮಾತ್ರೆ ರೂಪದ ಈ ಹೊಸ ಔಷಧಿಗಳು ಲಿವರಿನಲ್ಲಿ ಕರಗುವಂಥವು, ಜೊತೆಗೆ ತಿಂದದ್ದು ಅವುಗಳ ಪ್ರಮಾಣವನ್ನು ಏರುಪೇರು ಮಾಡಬಲ್ಲದು. ಅಷ್ಟೇಕೆ, ನಾವು ಮಿಠಾಯಿಯಂತೆ ನುಂಗುವ ಗ್ಯಾಸ್ಟ್ರಿಕ್ ಮಾತ್ರೆಯೂ ಗೆಫಿಟಿನಿಬ್, ಎರ್ಲೋಟಿನಿಬ್ ಮೈಗೆ ಹತ್ತದಂತೆ ಮಾಡುತ್ತದೆ. ಕೀಮೋ ನಡೆಯುವಾಗ ಜ್ವರ ಬಂದರೆ, ಬೆನ್ನುನೋವಿನ ಜೊತೆ ಕಾಲು ಸೋತರೆ, ರಕ್ತ ಕೆಮ್ಮಿದರೆ, ಹೊಸದಾಗಿ ತಲೆನೋವು, ವಾಂತಿ ಶುರುವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ನಿಭಾಯಿಸುವುದು ಜಾಣತನವಲ್ಲ.

ಎಲ್ಲಕ್ಕಿಂತ ತಪ್ಪಾಗಿ ತಿಳಿಯಲಾದದ್ದು ಪ್ಯಾಲಿಯೇಟಿವ್ ಕೇರ್, ಉಪಶಮನ ಆರೈಕೆ. ‘ಅಲ್ಲಿಗೆ ಕಳಿಸಿದ್ರು ಅಂದ್ರೆ ಕೈಬಿಟ್ರು ಅಂತ’ ಎಂಬ ನಂಬಿಕೆಯಿಂದ ಜನ ಕೊನೆಯ ವಾರದವರೆಗೂ ಹೋಗುವುದಿಲ್ಲ. 2010ರಲ್ಲಿ ಬಾಸ್ಟನ್ನಿನ ಜೆನಿಫರ್ ಟೆಮೆಲ್ ಮತ್ತು ಸಂಗಡಿಗರು ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಮೊದಲಿನಿಂದಲೇ ಉಪಶಮನ ಆರೈಕೆ. ಎರಡನೇ ಗುಂಪಿನವರಲ್ಲಿ ಖಿನ್ನತೆ ಅರ್ಧಕ್ಕಿಂತ ಕಡಿಮೆ. ಕೊನೆಗಾಲದ ಕಠೋರ ಚಿಕಿತ್ಸೆಗಳೂ ಕಡಿಮೆ. ಆದರೂ ಬದುಕಿನ ಮಧ್ಯಾಂಕ 11.6 ತಿಂಗಳು, ಮೊದಲ ಗುಂಪಿನದು 8.9. ಕಡಿಮೆ ಚಿಕಿತ್ಸೆ ಪಡೆದವರು ಹೆಚ್ಚು ದಿನ ಇದ್ದರು! ನೋವಿಗಷ್ಟೇ ಅಲ್ಲ, ಉಸಿರು ಕಟ್ಟುವ ಹಿಂಸೆಗೂ ಸಣ್ಣ ಪ್ರಮಾಣದ ಮಾರ್ಫಿನ್ ಒಳ್ಳೆಯ ಮದ್ದು. ವೈದ್ಯರ ಕೈಯಲ್ಲಿ ಅದು ಚಟವೂ ಅಲ್ಲ, ಸಾವಿನ ಸೂಚನೆಯೂ ಅಲ್ಲ. ಮುಖಕ್ಕೆ ಹಿಡಿದ ಪುಟ್ಟ ಫ್ಯಾನಿನ ಗಾಳಿ ಕೂಡ ಏದುಸಿರನ್ನು ಇಳಿಸುತ್ತದೆ. ಕಿದ್ವಾಯಿಯಲ್ಲಿ ಇದಕ್ಕೆ ವಿಭಾಗವೇ ಇದೆ. ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಒಂದು ರೂಪಾಯಿಯೂ ಪಡೆಯದೆ ನೋಡಿಕೊಳ್ಳುತ್ತದೆ.

ಕೊನೆಯ ಹೊತ್ತಿನಲ್ಲಿ ವೆಂಟಿಲೇಟರ್ ಹಾಕಬೇಕೆ ಎಂದು ಐಸಿಯು ಬಾಗಿಲಲ್ಲಿ ಹೆಂಡತಿಯನ್ನು ಕೇಳುವುದು ಕ್ರೂರ. ಅದಕ್ಕೀಗ ಪರಿಹಾರವಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತನಗೆ ಮಾತು ನಿಂತಾಗ ತನ್ನ ಪರವಾಗಿ ತೀರ್ಮಾನಿಸುವವರು ಯಾರೆಂದೂ ಅದರಲ್ಲಿ ಬರೆಯಬಹುದು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆಸ್ತಿಯ ವಿಲ್ ಬರೆಸಲು ಹೋಗುವ ದಿನವೇ ಇದನ್ನೂ ಮಾಡಿಸಿಕೊಂಡು ಬರಬಹುದು.

ಇಷ್ಟೆಲ್ಲದರ ನಡುವೆ ಫೈಲು ಹೊತ್ತು ಓಡಾಡುವವರ ಬಿಪಿಯನ್ನು ಯಾರೂ ನೋಡುವುದಿಲ್ಲ. ಸಾವು ಬರುವ ಮೊದಲೇ ದುಃಖ ಶುರುವಾಗುತ್ತದೆ. ಎರಿಕ್ ಲಿಂಡೆಮನ್ ಎಂಬ ಮನೋವೈದ್ಯ 1944ರಲ್ಲೇ ಇದನ್ನು ಗುರುತಿಸಿದ್ದರು. ಪ್ರತಿ ಸ್ಕ್ಯಾನಿನ ಹಿಂದಿನ ವಾರ ನಿದ್ದೆ ಬಾರದಿರುವುದು, ಜೀವಂತ ಇರುವವರನ್ನು ನೆನೆದು ಅಳು ಬರುವುದು, ಒಮ್ಮೊಮ್ಮೆ ಇದೆಲ್ಲ ಮುಗಿಯಬಾರದೇ ಅನ್ನಿಸಿ ಮರುಕ್ಷಣ ತನ್ನ ಮೇಲೇ ಹೇಸಿಗೆಯಾಗುವುದು, ಇವು ಯಾವುವೂ ನಿಮ್ಮಲ್ಲಿ ಪ್ರೀತಿ ಕಡಿಮೆ ಎಂಬುದಕ್ಕೆ ಪುರಾವೆಯಲ್ಲ. ‘ಏನಾದ್ರೂ ಬೇಕಿದ್ರೆ ಹೇಳಿ’ ಎನ್ನುವ ನೆಂಟರಿಗೆ ಬೇಕಾದ್ದನ್ನು ಹೇಳಿಯೇಬಿಡಿ: ಮಂಗಳವಾರ ಆಸ್ಪತ್ರೆಗೆ ನೀವು ಕರೆದುಕೊಂಡು ಹೋಗಿ, ಭಾನುವಾರ ಮಧ್ಯಾಹ್ನ ನೀವು ಬಂದು ಕೂತಿರಿ, ನಾನು ಮಲಗುತ್ತೇನೆ. ನೆಂಟರಿಗೆ ಹೇಳಲಾಗದ್ದನ್ನು ಹೇಳಲು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.